ವಿಲ್ಹೆಲ್ಮ್ ಮೈಬಾಕ್

ವಿಲ್ಹೆಲ್ಮ್ ಮೈಬಾಕ್ (9 ಫೆಬ್ರವರಿ 1846 – 29 ಡಿಸೆಂಬರ್ 1929) ಜರ್ಮನಿಯ ಇಂಜಿನ್ ವಿನ್ಯಾಸಕಾರರು. ಗಾಟ್ಲೀಬ್ ಡೈಮ್ಲರ್ ಅವರ ಸಹೋದ್ಯೋಗಿಯಾಗಿ ವೇಗವಾಗಿ ತಿರುಗುವ ಹಗುರ ಪೆಟ್ರೋಲ್ ಇಂಜಿನನ್ನು ರೂಪಿಸಿದವರು. ಮೊದಲ ಮರ್ಸಿಡಿಸ್ ಕಾರಿನ ಶಿಲ್ಪಿ. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಇಂಜಿನ್ ಅತಿಯಾಗಿ ಬಿಸಿಯಾಗುವುದು ಬಹುದೊಡ್ಡ ತೊಡಕಾಗಿತ್ತು. ಅದಕ್ಕೆ ಇವರು ಕಂಡುಕೊಂಡ ಪರಿಹಾರವಾದ ಜೇನುಗೂಡು ರೇಡಿಯೇಟರ್ ಇಂದಿನ ಎಲ್ಲ ಕಾರುಗಳ ತಂಪುಕಾರಕಗಳಿಗೆ ಮೂಲ. ಭಾರತದ ಪತ್ರಿಕೆಗಳಲ್ಲಿ ಇವರ ಹೆಸರನ್ನು 'ಮೇಬ್ಯಾಕ್' ಎಂದು ಬರೆಯುವುದೂ ಉಂಟು.

ಬಾಲ್ಯ ಮತ್ತು ಶಿಕ್ಷಣ

ಮೈಬಾಕ್ ಜನಿಸಿದ್ದು ನೆಕ್ಕಾರ್ ನದಿಯ ದಡದ ಹೈಲ್‌ಬ್ರಾನ್ ಪಟ್ಟಣದಲ್ಲಿ. ತಂದೆ ಬಡಗಿ. ಕುಟುಂಬ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ ಮೇಲೆ ಮೊದಲು ತಾಯಿ, ಎರಡು ವರ್ಷಗಳ ತರುವಾಯ ತಂದೆ ತೀರಿಕೊಂಡರು. ಹತ್ತನೆಯ ವಯಸ್ಸಿಗೇ ಬಾಲಕ ಅನಾಥನಾದನು. ಮಕ್ಕಳನ್ನು ಸಾಕುವವರು ಯಾರಾದರೂ ಇದ್ದಾರೆಯೇ ಎಂದು ಬಂಧುಗಳು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಯಿತು. ಅದನ್ನು ಕಂಡು ರಾಯ್ಟ್ಲಿಂಗೆನ್ ಊರಿನ 'ಬ್ರೂಡರ್‌ಹೌಸ್' ಎಂಬ ಅನಾಥಾಶ್ರಮವು ವಿಲ್ಹೆಲ್ಮನನ್ನು ಸೇರಿಸಿಕೊಂಡಿತು. ಅದನ್ನು ಸ್ಥಾಪಿಸಿದ ಗುಸ್ತಾವ್ ವೆರ್ನರ್ ಧರ್ಮಬೋಧಕರಾಗಿದ್ದರೂ ಮಕ್ಕಳು ಕೈಕಸುಬು ಕಲಿತು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬ ಉದ್ದೇಶದಿಂದ ಆಶ್ರಮಕ್ಕೆ ಸೇರಿದಂತೆಯೇ ಯಂತ್ರಗಳ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು.

ಹುಡುಗನಿಗೆ ಚಿತ್ರ ಬರೆಯುವುದರಲ್ಲಿ ಒಳ್ಳೆಯ ಕೈ ಇದ್ದುದನ್ನು ಗಮನಿಸಿ ವೆರ್ನರ್ ಅವನನ್ನು ಕಾರ್ಖಾನೆಯ ನಕ್ಷೆ ವಿಭಾಗಕ್ಕೆ ಹಾಕಿದರು. ಹಗಲು ಕೆಲಸ, ಸಂಜೆ ಗಣಿತ ಮತ್ತು ಭೌತಶಾಸ್ತ್ರದ ಪಾಠ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಮೈಬಾಕ್‌ಗೆ ದೊರೆತ ವಿದ್ಯಾಭ್ಯಾಸ ಇಷ್ಟೇ. 1863ರಲ್ಲಿ ಆ ಕಾರ್ಖಾನೆಯ ಮೇಲ್ವಿಚಾರಕರಾಗಿ ಬಂದ ಡೈಮ್ಲರ್, ತಮಗಿಂತ ಹನ್ನೆರಡು ವರ್ಷ ಕಿರಿಯನಾದ ಈ ನಕ್ಷೆಗಾರನ ಪ್ರತಿಭೆಯನ್ನು ಗುರುತಿಸಿದರು. ಅಲ್ಲಿಂದ ಮುಂದೆ ಡೈಮ್ಲರ್ ಹೋದಲ್ಲೆಲ್ಲ ಮೈಬಾಕ್ ಹೋದರು: 1869ರಲ್ಲಿ ಕಾರ್ಲ್ಸ್‌ರೂಹೆಗೆ, 1872ರಲ್ಲಿ ಕೊಲೋನ್ ಬಳಿಯ ಡಾಯ್ಟ್ಸ್ ಕಾರ್ಖಾನೆಗೆ.

ಡಾಯ್ಟ್ಸ್ ಮತ್ತು ಕಾನ್‌ಸ್ಟಾಟ್

ಡಾಯ್ಟ್ಸ್ ಕಾರ್ಖಾನೆಯು ನಿಕೊಲಾಸ್ ಓಟೊ ಅವರದು. ಓಟೊ 1876ರಲ್ಲಿ ಸಾಧಿಸಿದ ನಾಲ್ಕು ಹೊಡೆತಗಳ ಇಂಜಿನನ್ನು ತಯಾರಿಕೆಗೆ ಯೋಗ್ಯವಾಗುವಂತೆ ತಿದ್ದಿದವರು ಅಲ್ಲಿ ಮುಖ್ಯ ವಿನ್ಯಾಸಕಾರರಾಗಿದ್ದ ಮೈಬಾಕ್. ಆದರೆ ಅವು ಭಾರವಾದ, ಒಂದೆಡೆ ನೆಲೆನಿಂತು ನಿಧಾನವಾಗಿ ತಿರುಗುವ ಯಂತ್ರಗಳು. ಅಂಥ ಇಂಜಿನ್ನಿನ ಸುತ್ತ ಬೇಕಾದಷ್ಟು ನೀರಿನ ತೊಟ್ಟಿಗಳನ್ನು ಇಡಬಹುದಾದ್ದರಿಂದ ಶಾಖದ ಪ್ರಶ್ನೆ ಅಷ್ಟಾಗಿ ಕಾಡುತ್ತಿರಲಿಲ್ಲ.

ಓಟೊ ಅವರೊಡನೆ ಡೈಮ್ಲರ್‌ಗೆ ಮನಸ್ತಾಪವಾಗಿ 1882ರಲ್ಲಿ ಇಬ್ಬರೂ ಡಾಯ್ಟ್ಸ್ ತೊರೆದು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಬಂದರು. ಡೈಮ್ಲರ್ ಮನೆಯ ತೋಟದ ಗಾಜಿನ ಮನೆಯೇ ಪ್ರಯೋಗಶಾಲೆಯಾಯಿತು. ಹಗಲಿರುಳು ಬಾಗಿಲು ಹಾಕಿಕೊಂಡು ನಡೆಯುತ್ತಿದ್ದ ಕೆಲಸವನ್ನು ಕಂಡ ತೋಟದ ಮಾಲಿ ಖೋಟಾ ನಾಣ್ಯ ತಯಾರಿಸುತ್ತಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟನೆಂಬ ಕಥೆ ಪ್ರಸಿದ್ಧವಾಗಿದೆ. ಅಲ್ಲಿ ಸಿದ್ಧವಾದ ಹಗುರ ಇಂಜಿನನ್ನು 1885ರಲ್ಲಿ ಮರದ ಚೌಕಟ್ಟಿನ ದ್ವಿಚಕ್ರ ವಾಹನಕ್ಕೂ, ಮರುವರ್ಷ ನಾಲ್ಕು ಚಕ್ರಗಳ ಗಾಡಿಗೂ ಜೋಡಿಸಲಾಯಿತು.

1890ರಲ್ಲಿ ಡೈಮ್ಲರ್ ಮೋಟಾರು ಕಂಪನಿ ಸ್ಥಾಪನೆಯಾಯಿತು. ಬಂಡವಾಳ ಹಾಕಿದವರು ಒಡ್ಡಿದ ಷರತ್ತುಗಳನ್ನು ಒಪ್ಪದೆ ಮೈಬಾಕ್ ಕೆಲವೇ ತಿಂಗಳಲ್ಲಿ ಹೊರನಡೆದರು. ಕಾನ್‌ಸ್ಟಾಟ್‌ನ ಹೋಟೆಲೊಂದರ ಸಭಾಂಗಣದಲ್ಲಿ, ಡೈಮ್ಲರ್ ಅವರ ಹಣದಿಂದ ಪ್ರಯೋಗಗಳು ಮುಂದುವರಿದವು. 1893ರ ಸಿಂಪರಣೆ ಕಾರ್ಬ್ಯುರೇಟರ್ ಮತ್ತು 'ಫೀನಿಕ್ಸ್' ಇಂಜಿನ್ ಆ ಕಾಲದ ಫಲ. 1895ರಲ್ಲಿ ಕಂಪನಿಯೇ ಇಬ್ಬರನ್ನೂ ಮರಳಿ ಕರೆಸಿಕೊಂಡು ಮೈಬಾಕ್ ಅವರನ್ನು ತಾಂತ್ರಿಕ ನಿರ್ದೇಶಕರನ್ನಾಗಿ ಮಾಡಿತು.

ಶಾಖದ ಸಮಸ್ಯೆ

ಇಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖವೆಲ್ಲ ಚಲನೆಯಾಗಿ ಮಾರ್ಪಡುವುದಿಲ್ಲ. ಬಹುಪಾಲು ಹೊಗೆಯೊಂದಿಗೂ ಸಿಲಿಂಡರಿನ ಗೋಡೆಗಳ ಮೂಲಕವೂ ಹೊರಹೋಗುತ್ತದೆ. ಗೋಡೆಯ ಶಾಖವನ್ನು ತೆಗೆಯದಿದ್ದರೆ ಎಣ್ಣೆ ಸುಟ್ಟು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಲ್ ಬೆಂಜ್ ತಮ್ಮ ಮೊದಲ ವಾಹನದಲ್ಲಿ ಸಿಲಿಂಡರಿನ ಸುತ್ತ ನೀರು ತುಂಬಿ ಅದು ಕುದಿದು ಆವಿಯಾಗಲು ಬಿಟ್ಟರು. ಆವಿಯಾಗುವ ನೀರು ಅಪಾರ ಶಾಖವನ್ನು ಹೀರುವುದರಿಂದ ಉಪಾಯವೇನೋ ಫಲಿಸಿತು; ಆದರೆ ನೀರು ಬೇಗ ಮುಗಿಯುತ್ತಿತ್ತು. 1888ರಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಕಾರು ಓಡಿಸಿಕೊಂಡು ಹೋದ ಬರ್ತಾ ಬೆಂಜ್ ದಾರಿಯುದ್ದಕ್ಕೂ ನೀರು ತುಂಬಿಸುತ್ತ ಸಾಗಬೇಕಾಯಿತು.

ಮೈಬಾಕ್ ಒಮ್ಮೆ ತುಂಬಿದ ನೀರನ್ನೇ ಮತ್ತೆ ಮತ್ತೆ ಬಳಸುವ ದಾರಿ ಹುಡುಕಿದರು. 1889ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ ತಂತಿಚಕ್ರಗಳ ಕಾರಿನ ಚೌಕಟ್ಟನ್ನು ಟೊಳ್ಳು ಕೊಳವೆಗಳಿಂದ ಕಟ್ಟಿ, ತಂಪುಗೊಳಿಸುವ ನೀರು ಆ ಕೊಳವೆಗಳಲ್ಲೇ ಹರಿಯುವಂತೆ ಮಾಡಿದರು. ಇಂಜಿನ್ನಿನ ಶಕ್ತಿ ಹೆಚ್ಚಿದಂತೆ ಇದು ಸಾಲದಾಯಿತು. ನೀರಿನ ಪ್ರಮಾಣವನ್ನೇ ಹೆಚ್ಚಿಸುವುದು ಸುಲಭವಾದ ಮಾರ್ಗ. ಆದರೆ ಹೆಚ್ಚು ನೀರು ಎಂದರೆ ಹೆಚ್ಚು ತೂಕ; ಅಲ್ಲದೆ ನೀರು ಶಾಖವನ್ನು ಸಾಗಿಸುವ ವಾಹಕವೇ ಹೊರತು ಅದನ್ನು ನುಂಗಿಬಿಡುವ ವಸ್ತುವಲ್ಲ. ಶಾಖ ಕೊನೆಗೆ ಸೇರಬೇಕಾದದ್ದು ಗಾಳಿಗೆ. ಆದ್ದರಿಂದ ಬೇಕಾದದ್ದು ಗಾಳಿಯನ್ನು ಮುಟ್ಟುವ ಲೋಹದ ಮೇಲ್ಮೈ ಎಂಬುದನ್ನು ಅವರು ಹಿಡಿದರು. 1897ರ ಕೊಳವೆ ರೇಡಿಯೇಟರಿನಲ್ಲಿ ನೀರಿನ ಪೆಟ್ಟಿಗೆಯ ಮೂಲಕ ಅನೇಕ ಸಣ್ಣ ಕೊಳವೆಗಳು ಹಾದುಹೋಗಿದ್ದವು. ಕೊಳವೆಗಳೊಳಗೆ ಗಾಳಿ, ಹೊರಗೆ ನೀರು. ಹೀಗಿದ್ದರೂ ಫೀನಿಕ್ಸ್ ಕಾರಿಗೆ ಸುಮಾರು 18 ಲೀಟರ್ ನೀರು ಬೇಕಾಗುತ್ತಿತ್ತು.

ಮೊದಲ ಮರ್ಸಿಡಿಸ್

1900ರ ಮಾರ್ಚ್‌ನಲ್ಲಿ ಡೈಮ್ಲರ್ ನಿಧನರಾದರು. ಅದೇ ತಿಂಗಳ ಕೊನೆಯಲ್ಲಿ ಫ್ರಾನ್ಸಿನ ನೀಸ್ ಬಳಿಯ ಬೆಟ್ಟದ ಸ್ಪರ್ಧೆಯಲ್ಲಿ ಎತ್ತರವೂ ಭಾರವೂ ಆದ ಫೀನಿಕ್ಸ್ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬೌವರ್ ಮೃತಪಟ್ಟರು. ಡೈಮ್ಲರ್ ಕಾರುಗಳನ್ನು ನೀಸ್‌ನಲ್ಲಿ ಮಾರುತ್ತಿದ್ದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್, ತಗ್ಗಾದ, ಅಗಲವಾದ, ಹಗುರವಾದ, ಆದರೆ ಹೆಚ್ಚು ಶಕ್ತಿಯ ಕಾರು ಬೇಕೆಂದು ಪಟ್ಟುಹಿಡಿದು ಒಮ್ಮೆಗೇ 36 ಕಾರುಗಳಿಗೆ ಬೇಡಿಕೆ ಇತ್ತರು. ಕಾರಿಗೆ ತಮ್ಮ ಮಗಳು ಮರ್ಸಿಡಿಸ್‌ಳ ಹೆಸರಿಡಬೇಕೆಂಬುದೂ ಷರತ್ತಾಗಿತ್ತು.

35 ಅಶ್ವಶಕ್ತಿಯ ಇಂಜಿನ್ನಿನ ಶಾಖವನ್ನು ಹಗುರ ಕಾರಿನಲ್ಲಿ ಹೊರಹಾಕುವುದು ಹೇಗೆ ಎಂಬ ಪ್ರಶ್ನೆಗೆ ಮೈಬಾಕ್ ಕೊಟ್ಟ ಉತ್ತರವೇ ಜೇನುಗೂಡು ರೇಡಿಯೇಟರ್. ಇದರಲ್ಲಿ 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಎತ್ತರದ 8,070 ಚೌಕ ಕೊಳವೆಗಳನ್ನು ಬೆಸೆದು ಆಯತಾಕಾರದ ಹಲಗೆಯಂತೆ ಜೋಡಿಸಲಾಗಿತ್ತು. ದುಂಡು ಕೊಳವೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಡುವೆ ದೊಡ್ಡ ಸಂದುಗಳು ಉಳಿಯುತ್ತವೆ. ಚೌಕ ಕೊಳವೆಗಳ ನಡುವೆ ಉಳಿಯುವುದು ಸಣ್ಣ ಬಿರುಕಿನಂಥ ಜಾಗ ಮಾತ್ರ. ನೀರು ಆ ತೆಳು ಪದರದಲ್ಲಿ ಹರಿಯುವುದರಿಂದ ಅದರ ಪ್ರತಿ ಹನಿಯೂ ಲೋಹಕ್ಕೆ ಹತ್ತಿರವಾಗಿಯೇ ಇರುತ್ತದೆ. ಬೇಕಾದ ನೀರು 9 ಲೀಟರಿಗೆ, ಎಂದರೆ ಅರ್ಧಕ್ಕೆ ಇಳಿಯಿತು. ಕಾರು ನಿಧಾನವಾಗಿ ಚಲಿಸುವಾಗ ಗಾಳಿ ಸಾಲದೆಂದು ರೇಡಿಯೇಟರಿನ ಹಿಂದೆ ಫ್ಯಾನನ್ನೂ ಇಟ್ಟರು. 1901ರ ಮಾರ್ಚ್‌ನಲ್ಲಿ ನೀಸ್ ಸ್ಪರ್ಧೆಗಳಲ್ಲಿ ಈ ಕಾರು ಎದುರಾಳಿಗಳನ್ನು ಬಹುದೂರ ಹಿಂದಿಕ್ಕಿತು. ಫ್ರೆಂಚರು ಮೈಬಾಕ್ ಅವರನ್ನು ವಿನ್ಯಾಸಕಾರರ ಅರಸನೆಂದು ಕೊಂಡಾಡಿದರು. ಆದರೂ ಕಾರಿನ ಮೇಲಿದ್ದದ್ದು ಯೆಲ್ಲಿನೆಕ್ ಮಗಳ ಹೆಸರು, ಕಂಪನಿಯ ಮೇಲಿದ್ದದ್ದು ಡೈಮ್ಲರ್ ಹೆಸರು.

ಇಂದಿನ ಕಾರುಗಳಲ್ಲಿ ಇದೇ ತತ್ತ್ವ

ಲೋಹಗಳೂ ದ್ರವಗಳೂ ಬದಲಾಗಿದ್ದರೂ ಸಿಲಿಂಡರಿನಿಂದ ನೀರಿಗೆ, ನೀರಿನಿಂದ ತೆಳು ಲೋಹಕ್ಕೆ, ಲೋಹದಿಂದ ಗಾಳಿಗೆ ಎಂಬ ಶಾಖದ ದಾರಿ ಇಂದಿಗೂ ಅದೇ. ರೇಡಿಯೇಟರನ್ನೋ ನೀರಿನ ಪಂಪನ್ನೋ ಬದಲಿಸಿದ ಮೇಲೂ ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಈ ದಾರಿಯನ್ನೇ ಹಂತಹಂತವಾಗಿ ಪರೀಕ್ಷಿಸಬೇಕಾಗುತ್ತದೆ.

ರಿಪೇರಿಯ ನಂತರ ಮೊದಲು ಶಂಕಿಸಬೇಕಾದದ್ದು ಒಳಗೆ ಸಿಕ್ಕಿಕೊಂಡ ಗಾಳಿ. ನೀರನ್ನು ಖಾಲಿ ಮಾಡಿ ಮತ್ತೆ ತುಂಬುವಾಗ ಎತ್ತರದ ಭಾಗಗಳಲ್ಲಿ ಗಾಳಿ ಉಳಿದರೆ ಅಲ್ಲಿ ಲೋಹವನ್ನು ನೀರು ಮುಟ್ಟುವುದಿಲ್ಲ. ಉಷ್ಣತೆಯ ಮುಳ್ಳು ಏರಿಳಿಯುತ್ತದೆ. ಮುಳ್ಳು ಮೇಲಿದ್ದರೂ ಕಾರಿನೊಳಗಿನ ಹೀಟರ್ ತಣ್ಣನೆಯ ಗಾಳಿಯನ್ನೇ ಬೀಸುತ್ತದೆ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ನಿಧಾನವಾಗಿ ಮತ್ತೆ ತುಂಬುವುದೇ ಇದಕ್ಕೆ ಮದ್ದು. ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಥವಾ ನೀರು ಹರಿಯುತ್ತಿಲ್ಲ. ವಾಹನ ದಟ್ಟಣೆಯಲ್ಲಿ ನಿಂತಾಗ ಮಾತ್ರ ಬಿಸಿಯೇರಿ, ಹೆದ್ದಾರಿಯಲ್ಲಿ ಸರಿಹೋದರೆ ದೋಷ ಫ್ಯಾನಿನದು. ರಿಪೇರಿಯ ವೇಳೆ ತೆಗೆದ ಅದರ ವಿದ್ಯುತ್ ಜೋಡಣೆಯನ್ನು ಮರಳಿ ಸಿಕ್ಕಿಸಲು ಮರೆಯುವುದು ಅಪರೂಪವಲ್ಲ. ಇದಕ್ಕೆ ವಿರುದ್ಧವಾಗಿ ವೇಗದಲ್ಲಿ ಅಥವಾ ಏರುದಾರಿಯಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಮುಚ್ಚಳ ಸಡಿಲವಾಗಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಹೊರಗೆಲ್ಲೂ ಸೋರದಿದ್ದರೂ ನೀರು ಕಡಿಮೆಯಾಗುತ್ತಿದ್ದು ತೊಟ್ಟಿಯಲ್ಲಿ ಸತತವಾಗಿ ಗುಳ್ಳೆಗಳೇಳುತ್ತಿದ್ದರೆ ಸಿಲಿಂಡರ್ ಹೆಡ್ ಗ್ಯಾಸ್ಕೆಟ್ ಸೀಳಿರಬಹುದು. ಹಾಗಿದ್ದರೆ ಅದೇ ಮೂಲ ಕಾಯಿಲೆ. ಮೊದಲು ಬದಲಿಸಿದ ಭಾಗ ನಿರಪರಾಧಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು. ಚಿಮ್ಮುವ ನೀರು ಮೈ ಸುಡುತ್ತದೆ.

ನಂತರದ ಜೀವನ

ಡೈಮ್ಲರ್ ಗತಿಸಿದ ಮೇಲೆ ಕಂಪನಿಯಲ್ಲಿ ಮೈಬಾಕ್ ಅವರಿಗೆ ಆಸರೆ ಇರಲಿಲ್ಲ. ಅಧಿಕಾರ ಕ್ರಮೇಣ ಕೈತಪ್ಪಿ 1907ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ತಾವೇ ಕಟ್ಟಿದ ಸಂಸ್ಥೆಯನ್ನು ಬಿಟ್ಟರು.

1908ರ ಆಗಸ್ಟ್‌ನಲ್ಲಿ ಕೌಂಟ್ ಜೆಪ್ಪೆಲಿನ್ ಅವರ ವಾಯುನೌಕೆಯ ಇಂಜಿನ್ನಿನಲ್ಲಿ ಬೇರಿಂಗ್ ಕರಗಿ ಅದು ಎಖ್ಟರ್‌ಡಿಂಗೆನ್‌ನಲ್ಲಿ ಇಳಿಯಬೇಕಾಯಿತು. ನಂತರ ಬಿರುಗಾಳಿಗೆ ಸಿಕ್ಕಿ ಬೆಂಕಿಗೆ ಆಹುತಿಯಾಯಿತು. ಹೆಚ್ಚು ನಂಬಿಕೆಯ ಇಂಜಿನ್ ಬೇಕಾಗಿದ್ದ ಜೆಪ್ಪೆಲಿನ್ ಅವರೊಂದಿಗೆ ಸೇರಿ 1909ರಲ್ಲಿ ಮೈಬಾಕ್ ಹೊಸ ಕಾರ್ಖಾನೆ ತೆರೆದರು. ಅದನ್ನು ನಡೆಸಿದವರು ಮಗ ಕಾರ್ಲ್. 1912ರಲ್ಲಿ ಅದು ಕಾನ್‌ಸ್ಟನ್ಸ್ ಸರೋವರದ ದಡದ ಫ್ರೀಡ್ರಿಖ್ಸ್‌ಹಾಫೆನ್‌ಗೆ ಸ್ಥಳಾಂತರಗೊಂಡಿತು. ಮೊದಲ ಮಹಾಯುದ್ಧದ ಬಳಿಕ ಅಲ್ಲಿಂದಲೇ, 1921ರಲ್ಲಿ, ಮೈಬಾಕ್ ಹೆಸರು ಹೊತ್ತ ಕಾರು ಹೊರಬಂದಿತು. ಕಾಲೇಜು ಕಾಣದಿದ್ದ ಇವರಿಗೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯ 1916ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

1929ರ ಆಗಸ್ಟ್‌ನಲ್ಲಿ 'ಗ್ರಾಫ್ ಜೆಪ್ಪೆಲಿನ್' ವಾಯುನೌಕೆ ಐದು ಮೈಬಾಕ್ ಇಂಜಿನ್‌ಗಳ ಬಲದಿಂದ ಭೂಮಿಯನ್ನು ಸುತ್ತಿಬಂದಿತು. ಅದೇ ವರ್ಷದ ಡಿಸೆಂಬರ್ 29ರಂದು ಮೈಬಾಕ್ ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು. ಅವರ ಸಮಾಧಿ ಕಾನ್‌ಸ್ಟಾಟ್‌ನಲ್ಲಿ, ಡೈಮ್ಲರ್ ಅವರ ಸಮಾಧಿಯಿರುವ ರುದ್ರಭೂಮಿಯಲ್ಲೇ ಇದೆ.