ಕ್ರಿಕೆಟ್ ಪಟು ಲಾರ್ಡ್ ಹ್ಯಾರಿಸ್

ಮುಂಬಯಿಯ ಶಾಲೆಗಳು ಸೆಣಸುವ ಹ್ಯಾರಿಸ್ ಶೀಲ್ಡ್ ಪಂದ್ಯಗಳ ಹೆಸರನ್ನು ನಮ್ಮಲ್ಲಿ ಕೇಳದವರು ವಿರಳ. 1988ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಬಾಲಕರಿಬ್ಬರು ಮುರಿಯದ ಜೊತೆಯಾಟದಲ್ಲಿ 664 ಓಟಗಳನ್ನು ಕೂಡಿಸಿದುದು ಈ ಪಂದ್ಯಗಳಲ್ಲಿಯೇ. ಆದರೆ ಆ ಹ್ಯಾರಿಸರು ಯಾರು? ಅವರ ಬಾಳಿನ ಕಥೆ ಕನ್ನಡಿಗರಾದ ನಮಗೆ ಒಂದು ವಿಧದಲ್ಲಿ ತೀರ ಹತ್ತಿರದ್ದು.

1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಆಂಗ್ಲ ಸೈನ್ಯದ ಮಹಾದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. ಟಿಪ್ಪೂ ಸುಲ್ತಾನನು ಮಡಿದ ಆ ಯುದ್ಧದಲ್ಲಿ ತನ್ನ ಪಾಲಿಗೆ ಬಂದ ಸಂಪತ್ತಿನಿಂದ ಆತನು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಬೆಲ್ಮಾಂಟ್ ಎಂಬ ಭವನವನ್ನು ಕೊಂಡನು. 1815ರಲ್ಲಿ ಅವನಿಗೆ ದೊರೆತ ಬ್ಯಾರನ್ ಪದವಿಯಲ್ಲಿ ಶ್ರೀರಂಗಪಟ್ಟಣ ಹಾಗೂ ಮೈಸೂರುಗಳ ಹೆಸರುಗಳೂ ಸೇರಿದವು. ಅವನ ಮರಿಮಗನೇ ನಮ್ಮ ಕಥಾನಾಯಕ, ನಾಲ್ಕನೆಯ ಲಾರ್ಡ್ ಹ್ಯಾರಿಸ್.

ಇವರ ಜನನ 1851ರ ಫೆಬ್ರವರಿ 3ರಂದು ಟ್ರಿನಿಡಾಡ್ ದ್ವೀಪದಲ್ಲಿ. ತಂದೆಯವರು ಆಗ ಅಲ್ಲಿಯ ಗವರ್ನರರು. ಮುಂದೆ ಅವರಿಗೆ ಮದರಾಸಿನಲ್ಲಿಯೂ ಅದೇ ಪದವಿ ದೊರೆಯಿತು. ಬಾಲಕನು ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿಯೂ ಕಲಿತನು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡಿದ್ದ ಅವನಿಗೆ 1872ರಲ್ಲಿ ತಂದೆಯೂ ಇಲ್ಲವಾದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕುಲದ ಬಿರುದು ಅವನ ಹೆಗಲೇರಿತು. ಕೆಲವೇ ವರ್ಷಗಳಲ್ಲಿ ಕೆಂಟ್ ತಂಡದ ನಾಯಕತ್ವವೂ ಬಂದಿತು.

1879ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಅವರ ಧೈರ್ಯಕ್ಕೆ ಪರೀಕ್ಷೆಯೊದಗಿತು. ಅಲ್ಲಿಯ ಆಟಗಾರನೊಬ್ಬನು ಓಟಕ್ಕೆ ಬಲಿಯಾದನೆಂದು ತೀರ್ಪುಗಾರನು ಸಾರಿದೊಡನೆ ಪ್ರೇಕ್ಷಕರು ರೊಚ್ಚಿಗೆದ್ದು ಮೈದಾನಕ್ಕೆ ನುಗ್ಗಿದರು. ಹ್ಯಾರಿಸರಿಗೂ ಕೋಲಿನ ಪೆಟ್ಟು ಬಿದ್ದಿತು. ಮೈದಾನ ಬಿಟ್ಟರೆ ಪಂದ್ಯವೇ ಕೈಬಿಟ್ಟೀತೆಂದು ಅವರು ಅಲ್ಲಿಂದ ಕದಲಲಿಲ್ಲ. ತೀರ್ಪುಗಾರನನ್ನು ಬದಲಿಸಲೂ ಒಪ್ಪಲಿಲ್ಲ. ಮರುವರ್ಷ, 1880ರಲ್ಲಿ, ಇಂಗ್ಲೆಂಡಿನ ನೆಲದಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯದಲ್ಲಿ ಅದೇ ಆಸ್ಟ್ರೇಲಿಯನ್ನರೆದುರು ನಾಯಕರಾಗಿ ನಿಂತು ಐದು ವಿಕೆಟ್‌ಗಳ ಜಯ ಪಡೆದರು. ಹಗೆಯನ್ನು ಮುಂದುವರಿಸದ ಈ ಗುಣ ಮೆಚ್ಚತಕ್ಕದ್ದು.

1890ರಿಂದ 1895ರ ವರೆಗೆ ಹ್ಯಾರಿಸರು ಮುಂಬಯಿ ಇಲಾಖೆಯ ಗವರ್ನರರಾಗಿದ್ದರು. ನಮ್ಮ ಠಾಣೆ, ಕಲ್ಯಾಣಗಳಂತೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅಂದು ಈ ಇಲಾಖೆಗೆ ಸೇರಿದ್ದವು. ಅವರ ಕಾಲದಲ್ಲಿ, 1892ರಲ್ಲಿ, ಯುರೋಪಿಯನ್ನರಿಗೂ ಪಾರಸಿಗಳಿಗೂ ವಾರ್ಷಿಕ ಪಂದ್ಯಗಳು ಮೊದಲಾದವು. ಹಿಂದೂ ಜಿಮಖಾನೆಗೂ ಇಸ್ಲಾಂ ಜಿಮಖಾನೆಗೂ ಸಮುದ್ರ ತೀರದಲ್ಲಿ ನೆಲ ದೊರೆಯಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ದೇಶೀಯ ಬಾಲಕರು ಚೆಂಡಾಡುತ್ತಿದ್ದ ಮೈದಾನದಲ್ಲಿ ಆಂಗ್ಲರು ಕುದುರೆಯೇರಿ ಪೋಲೋ ಆಡುತ್ತಿದ್ದರು. ಗೊರಸುಗಳ ತುಳಿತದಿಂದ ನೆಲ ಹಾಳಾಗುತ್ತಿದೆಯೆಂದು ಆಟಗಾರರು ಮೊರೆಯಿಟ್ಟಾಗ ಹ್ಯಾರಿಸರ ಸರಕಾರವು ಕುದುರೆ ಸವಾರರ ಪಕ್ಷವನ್ನೇ ವಹಿಸಿತು. 1893ರ ಆಗಸ್ಟ್ ತಿಂಗಳಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ಘೋರ ಗಲಭೆಯೆದ್ದಾಗ ಅವರು ಪುಣೆಯಲ್ಲಿದ್ದರು. ಬೇಗನೆ ಮರಳಿ ಬರಲಿಲ್ಲವೆಂಬ ನಿಂದೆ ಅವರಿಗೆ ಅಂಟಿತು. ಭಾರತೀಯರಿಗೆ ಈ ಆಟಕ್ಕೆ ಬೇಕಾದ ತಾಳ್ಮೆ ಸಾಲದೆಂಬ ಭಾವನೆಯೂ ಅವರಲ್ಲಿತ್ತು.

ಈ ಭಾವನೆಗೆ ಉತ್ತರ ಕೊಟ್ಟವರಲ್ಲಿ ಮುಖ್ಯನಾದವನು ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ. ಹ್ಯಾರಿಸರ ಆಳಿಕೆಯ ಆ ದಶಕದಲ್ಲಿಯೇ ಈ ದಲಿತ ತರುಣನು ಪುಣೆಯ ಆಂಗ್ಲರ ಕ್ಲಬ್ಬಿನಲ್ಲಿ ಅಲ್ಪ ಸಂಬಳಕ್ಕೆ ಮೈದಾನ ಸಜ್ಜುಗೊಳಿಸಿ, ಅಧಿಕಾರಿಗಳಿಗೆ ಚೆಂಡೆಸೆಯುತ್ತಿದ್ದನು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು ಸೋಲಿಸಿದಾಗ ಗೆಲುವಿಗೆ ಅವನ ಕೈಚಳಕವೇ ಬೆಂಬಲವಾಯಿತು. 1911ರಲ್ಲಿ ಭಾರತದ ತಂಡದೊಡನೆ ಇಂಗ್ಲೆಂಡಿಗೆ ತೆರಳಿ ನೂರಕ್ಕೂ ಮಿಕ್ಕಿ ವಿಕೆಟ್‌ಗಳನ್ನು ಕಿತ್ತನು. ಅದೇ ಭಾರತೀಯ ತಂಡದ ವಿರುದ್ಧ ಕೆಂಟ್ ಪರವಾಗಿ ಆಡಲು ಅರುವತ್ತು ವರ್ಷದ ಹ್ಯಾರಿಸರು ಮೈದಾನಕ್ಕಿಳಿದುದು ಕಾಲದ ವೈಚಿತ್ರ್ಯವೇ ಸರಿ!

ಈ ನಡುವೆ ಹ್ಯಾರಿಸರು ಈಸ್ಟ್ ಕೆಂಟ್ ಅಶ್ವದಳದಲ್ಲಿ ಅಧಿಕಾರಿಯಾಗಿದ್ದು, ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿಯೂ ಸೇವೆ ಸಲ್ಲಿಸಿದರು. ಲಾರ್ಡ್ಸ್ ಮೈದಾನದ ಪ್ರಖ್ಯಾತ ಎಂ.ಸಿ.ಸಿ. ಸಂಸ್ಥೆಗೆ 1895ರಲ್ಲಿ ಅಧ್ಯಕ್ಷರಾದರು. 1916ರಿಂದ ಖಜಾಂಚಿಯಾಗಿ ದುಡಿದರು. ಮುತ್ತಜ್ಜನು ಕೊಂಡ ಬೆಲ್ಮಾಂಟ್ ಭವನದಲ್ಲಿ 1932ರ ಮಾರ್ಚ್ 24ರಂದು ಕಣ್ಮುಚ್ಚಿದರು. ಅದೇ ವರ್ಷದ ಜೂನ್‌ನಲ್ಲಿ ಭಾರತವು ಲಾರ್ಡ್ಸ್ ಮೈದಾನದಲ್ಲಿ ತನ್ನ ಮೊದಲ ಟೆಸ್ಟ್ ಪಂದ್ಯವನ್ನಾಡಿತು. ಅದನ್ನು ಕಾಣಲು ಅವರು ಉಳಿದಿರಲಿಲ್ಲ.

ಬಾಲಮಿತ್ರರೇ, ಹ್ಯಾರಿಸರ ಧೈರ್ಯ, ನಿಯಮನಿಷ್ಠೆ, ಆಟದ ಮೇಲಣ ಪ್ರೀತಿ ಇವುಗಳನ್ನು ನಾವು ಗೌರವಿಸೋಣ. ಅಧಿಕಾರ ಕೈಯಲ್ಲಿದ್ದಾಗ ಮೈದಾನವನ್ನು ಎಲ್ಲರೊಡನೆ ಸಮವಾಗಿ ಹಂಚಿಕೊಳ್ಳದ ಕೊರತೆಯನ್ನೂ ಮರೆಯದಿರೋಣ. ಬ್ಯಾಟು ಹಿಡಿದು ಬಯಲಿಗಿಳಿದಾಗ, ಅಂಚಿನಲ್ಲಿ ನಿಂತು ನೋಡುತ್ತಿರುವ ಹುಡುಗನನ್ನೂ ಆಟಕ್ಕೆ ಕರೆಯೋಣ. ಅವನಲ್ಲಿಯೂ ಒಬ್ಬ ಬಾಳೂ ಇರಬಹುದು.