ನಾಗಸಾಕಿಯಲ್ಲಿ ಶಿಲುಬೆಯೇರಿದ ನಮ್ಮ ನಾಡಿನ ಸಂತ

ಗುರುಮಠಕ್ಕೆ ಹೋದ ಮಗ ಕೆಲವು ವರ್ಷಗಳ ಬಳಿಕ ಮನೆಗೆ ಹಿಂದಿರುಗಿದಾಗ ಹೆತ್ತವರ ಮನಸ್ಸು ಕುಗ್ಗುತ್ತದೆ. ನೆಂಟರಿಷ್ಟರ ಮುಂದೆ ತಲೆಯೆತ್ತಲು ಸಂಕೋಚವಾಗುತ್ತದೆ. ಅಂತಹ ಕುಟುಂಬಗಳು ಸಂತ ಗೊನ್ಸಾಲೊ ಗಾರ್ಸಿಯಾರವರ ಜೀವನವನ್ನು ನೆನೆಯಬೇಕು.

ಮುಂಬಯಿಗೆ ಸಮೀಪದ ವಸೈಯಲ್ಲಿ ಸುಮಾರು 1557ರಲ್ಲಿ ಅವರು ಜನಿಸಿದರು. ತಂದೆ ಪೋರ್ಚುಗೀಸರು, ತಾಯಿ ಭಾರತೀಯರು. ಯೇಸುಸಭೆಯ ಗುರುಗಳ ಬಳಿ ಓದಿದ ಅವರು ಸುಮಾರು ಹದಿನೈದರ ಹರೆಯದಲ್ಲೇ ಆ ಗುರುಗಳೊಡನೆ ಜಪಾನಿಗೆ ಹೋದರು. ಅಲ್ಲಿಯ ಭಾಷೆಯನ್ನು ಚೆನ್ನಾಗಿ ಕಲಿತು, ಸುಮಾರು ಎಂಟು ವರ್ಷ ಉಪದೇಶಿಯಾಗಿ ದುಡಿದರು. ಯೇಸುಸಭೆಯನ್ನು ಸೇರಬೇಕೆಂಬುದು ಅವರ ಹಂಬಲ. ಆದರೆ ಅನುಮತಿ ದೊರೆಯಲಿಲ್ಲ.

ನೊಂದ ಗೊನ್ಸಾಲೊ ವ್ಯಾಪಾರಕ್ಕಿಳಿದರು. ಕೈತುಂಬ ಹಣ ಬಂತು, ನೆಮ್ಮದಿ ಬರಲಿಲ್ಲ. ಕೊನೆಗೆ ಫಿಲಿಪೈನ್ಸಿನ ಮನಿಲಾದಲ್ಲಿ ಎಲ್ಲವನ್ನೂ ತೊರೆದು ಫ್ರಾನ್ಸಿಸ್ಕನ್ ಸಭೆಯನ್ನು ಸೇರಿದರು. ಗುರುವಾಗಿ ಅಲ್ಲ, ಸಹೋದರರಾಗಿ.

1593ರಲ್ಲಿ ಪೇದ್ರೊ ಬಾಪ್ತಿಸ್ತಾ ಸ್ವಾಮಿಗಳು ಫಿಲಿಪೈನ್ಸಿನಿಂದ ಜಪಾನಿನ ಅಧಿಪತಿ ಹಿದೆಯೋಶಿಯ ಬಳಿಗೆ ರಾಯಭಾರಿಯಾಗಿ ಹೊರಟಾಗ ದುಭಾಷಿ ಬೇಕಾಯಿತು. ಹಿಂದೆ ಕಲಿತ ಭಾಷೆ ಈಗ ದೇವರ ಕೆಲಸಕ್ಕೆ ಒದಗಿತು. ನಾಗಸಾಕಿಯನ್ನೂ ಒಳಗೊಂಡ ಹಿಜೆನ್ ಸೀಮೆಯ ನಾಗೋಯಾ ಕೋಟೆಯಲ್ಲಿ ಹಿದೆಯೋಶಿಯ ಭೇಟಿಯಾಯಿತು. ಅನುಮತಿ ಪಡೆದ ಫ್ರಾನ್ಸಿಸ್ಕನ್ನರು ಕ್ಯೋಟೊದಲ್ಲಿ ದೇವಾಲಯ ಕಟ್ಟಿ, ಕುಷ್ಠರೋಗಿಗಳ ಆರೈಕೆಗೆ ಆಸ್ಪತ್ರೆ ನಡೆಸಿದರು.

1596ರಲ್ಲಿ ಸ್ಪೇನಿನ ಹಡಗೊಂದು ಜಪಾನಿನ ತೀರದಲ್ಲಿ ಒಡೆಯಿತು. ಧರ್ಮಪ್ರಚಾರಕರ ಹಿಂದೆಯೇ ಸೈನ್ಯ ಬರುತ್ತದೆಂಬ ಸಂಶಯ ಹಿದೆಯೋಶಿಯನ್ನು ಹೊಕ್ಕಿತು. ಕ್ಯೋಟೊ, ಒಸಾಕಾಗಳಲ್ಲಿ ಬಂಧಿತರಾದ 24 ಮಂದಿಯ ಎಡಗಿವಿಯನ್ನು ಕತ್ತರಿಸಿ, ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ದೂರದ ನಾಗಸಾಕಿಯವರೆಗೆ ಕರೆದೊಯ್ದರು. ದಾರಿಯಲ್ಲಿ ಇನ್ನಿಬ್ಬರು ಸೇರಿ 26 ಮಂದಿಯಾದರು. ಅವರಲ್ಲಿ ಹನ್ನೆರಡು ವರ್ಷದ ಬಾಲಕ ಲೂಯಿಸ್ ಇದ್ದ. ಮಿಖಾಯೇಲ್ ಕೊಸಾಕಿ ಮತ್ತು ಅವರ ಮಗ ತೋಮಾಸ್ ಇದ್ದರು. 1597ರ ಫೆಬ್ರವರಿ 5ರಂದು ನಿಷಿಜಾಕಾ ಗುಡ್ಡದ ಮೇಲೆ ಎಲ್ಲರನ್ನೂ ಶಿಲುಬೆಗೇರಿಸಿ ಈಟಿಯಿಂದ ಇರಿದು ಕೊಂದರು. ಗೊನ್ಸಾಲೊರವರನ್ನು ಸೇರಿಸಿಕೊಳ್ಳದ ಯೇಸುಸಭೆಯ ಮೂವರು ಅದೇ ಗುಡ್ಡದಲ್ಲಿ ಅವರೊಡನೆ ಪ್ರಾಣ ಕೊಟ್ಟರು.

1862ರಲ್ಲಿ ಜಗದ್ಗುರು ಒಂಬತ್ತನೇ ಪಯಸ್ ಈ 26 ಮಂದಿಯನ್ನು ಸಂತರೆಂದು ಘೋಷಿಸಿದರು. ಮರುವರ್ಷಗಳಲ್ಲೇ ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರುಗಳು ನಾಗಸಾಕಿಯ ಔರಾದಲ್ಲಿ ಅವರ ಹೆಸರಿಗೆ ದೇವಾಲಯ ಕಟ್ಟಿದರು. ನಮ್ಮ ಮೈಸೂರು ಮಿಷನ್ನಿನಲ್ಲಿ ಬೆವರು ಸುರಿಸಿದವರೂ ಇದೇ ಸಭೆಯ ಗುರುಗಳೇ. 1865ರ ಮಾರ್ಚ್ 17ರಂದು ಆ ದೇವಾಲಯಕ್ಕೆ ಹತ್ತಿರದ ಉರಾಕಾಮಿಯ ಬಡಜನರು ಬಂದು ತಾವೂ ಕ್ರೈಸ್ತರೆಂದು ತಿಳಿಸಿದರು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ತಂದೆತಾಯಿಗಳೇ ಮಕ್ಕಳಿಗೆ ದೀಕ್ಷಾಸ್ನಾನವನ್ನೂ ಜಪವನ್ನೂ ದಾಟಿಸಿದ್ದರು.

ಪ್ರಿಯ ಹೆತ್ತವರೇ, ಹಿಂದಿರುಗಿ ಬಂದ ಮಗ ಸೋತವನಲ್ಲ. ಅವನು ಕಲಿತದ್ದನ್ನು ದೇವರು ಎಲ್ಲಿ, ಎಂದು ಬಳಸುವರೋ ನಾವರಿಯೆವು. ಮನೆಯ ಬಾಗಿಲನ್ನು, ಮನಸ್ಸಿನ ಬಾಗಿಲನ್ನು ಅವನಿಗೆ ತೆರೆದಿಡೋಣ.