ಎಪ್ಪತ್ತು ವರ್ಷ ತಡವಾದ ಅಂತ್ಯಸಂಸ್ಕಾರ

2021ರ ಸೆಪ್ಟೆಂಬರ್ 29ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ಒಂದು ಅಂತ್ಯಸಂಸ್ಕಾರ ನಡೆಯಿತು. ಸಾವಿರಾರು ಜನ ನೆರೆದಿದ್ದರು. ರಾಷ್ಟ್ರಧ್ವಜ ಹೊದಿಸಿದ ಶವಪೆಟ್ಟಿಗೆ ಕುದುರೆಗಳು ಎಳೆಯುವ ಬಂಡಿಯಲ್ಲಿ ಪ್ರಧಾನಾಲಯದತ್ತ ಸಾಗಿತು. ಹೊರಗಿನವನೊಬ್ಬ ಆ ದೃಶ್ಯ ಕಂಡಿದ್ದರೆ, ಇತ್ತೀಚೆಗಷ್ಟೇ ತೀರಿಕೊಂಡ ಜನನಾಯಕನೊಬ್ಬನ ಅಂತಿಮಯಾತ್ರೆ ಎಂದುಕೊಳ್ಳುತ್ತಿದ್ದ. ಆದರೆ ಆ ಪೆಟ್ಟಿಗೆಯಲ್ಲಿದ್ದ ವ್ಯಕ್ತಿ ಸತ್ತು ಎಪ್ಪತ್ತು ವರ್ಷ ಕಳೆದಿತ್ತು. ಅವರನ್ನು ಹೆತ್ತವರು ಎಂದೋ ಕಣ್ಣುಮುಚ್ಚಿದ್ದರು. ನೆರೆದವರಲ್ಲಿ ಬಹುಪಾಲು ಮಂದಿ ಅವರು ಬದುಕಿದ್ದಾಗ ಹುಟ್ಟಿಯೇ ಇರಲಿಲ್ಲ.

ಅವರ ಹೆಸರು ಎಮಿಲ್ ಕಪಾನ್. ಅಮೆರಿಕದ ಭೂಸೇನೆಯಲ್ಲಿ ಕ್ಯಾಪ್ಟನ್ ಹುದ್ದೆಯಲ್ಲಿದ್ದ ಕ್ಯಾಥೊಲಿಕ್ ಪಾದ್ರಿ. 1951ರ ಮೇ 23ರಂದು ಉತ್ತರ ಕೊರಿಯಾದ ಯುದ್ಧಕೈದಿಗಳ ಶಿಬಿರವೊಂದರಲ್ಲಿ ಅವರು ತೀರಿಕೊಂಡಾಗ ವಯಸ್ಸು 35. ಕೈಯಲ್ಲಿ ಎಂದೂ ಬಂದೂಕು ಹಿಡಿಯದ ಈ ಮನುಷ್ಯನಿಗಾಗಿ ಒಂದು ಸಮುದಾಯ ಎಪ್ಪತ್ತು ವರ್ಷ ಶೋಕವನ್ನು ಜೋಪಾನವಾಗಿ ಇಟ್ಟುಕೊಂಡದ್ದು ಹೇಗೆ ಎಂಬುದು ಯೋಚಿಸಬೇಕಾದ ಸಂಗತಿ.

ಕಪಾನ್ ಹುಟ್ಟಿದ್ದು 1916ರ ಏಪ್ರಿಲ್ 20ರಂದು, ಕ್ಯಾನ್ಸಸ್‌ನ ಪಿಲ್ಸನ್ ಎಂಬ ಪುಟ್ಟ ಹಳ್ಳಿಯ ರೈತ ಮನೆಯಲ್ಲಿ. ಮಧ್ಯ ಯುರೋಪಿನ ಬೊಹೀಮಿಯಾದಿಂದ ವಲಸೆ ಬಂದ ಚೆಕ್ ಮೂಲದವರು ಕಟ್ಟಿಕೊಂಡ ಹಳ್ಳಿಯದು. ತಂದೆ ಈನೋಸ್, ತಾಯಿ ಎಲಿಜಬೆತ್. ಹೊಲದ ಕೆಲಸ, ದನಕರುಗಳ ಆರೈಕೆ, ಕೈಗೆ ಸಿಕ್ಕಿದ್ದರಲ್ಲೇ ಬೇಕಾದ ಸಲಕರಣೆ ಮಾಡಿಕೊಳ್ಳುವ ಜಾಣ್ಮೆ, ಇವೇ ಅವರ ಬಾಲ್ಯದ ಪಾಠಗಳು. ಮುಂದೊಂದು ದಿನ ಈ ಹಳ್ಳಿಗನ ಕೈಚಳಕವೇ ನೂರಾರು ಮಂದಿಯ ಜೀವ ಹಿಡಿದಿಡಲು ನೆರವಾಗಲಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1940ರ ಜೂನ್‌ನಲ್ಲಿ ಗುರುದೀಕ್ಷೆ ಪಡೆದ ಅವರು ಹುಟ್ಟೂರಿನ ಇಗರ್ಜಿಯಲ್ಲೇ ಸೇವೆಗೆ ನಿಂತರು. ಎರಡನೆಯ ಮಹಾಯುದ್ಧ ಹಳ್ಳಿಹಳ್ಳಿಗಳಿಂದ ಯುವಕರನ್ನು ಕರೆದೊಯ್ಯುತ್ತಿತ್ತು. ಅವರ ಹಿಂದೆಯೇ ಹೋಗಬೇಕೆಂಬ ತುಡಿತದಿಂದ ಕಪಾನ್ 1944ರಲ್ಲಿ ಸೇನೆ ಸೇರಿದರು.

ಸೇನಾ ಪಾದ್ರಿಯ ಹುದ್ದೆ ವಿಚಿತ್ರವಾದದ್ದು. ಸಮವಸ್ತ್ರವಿದೆ, ಅಧಿಕಾರಿಯ ದರ್ಜೆಯಿದೆ, ಆಯುಧವಿಲ್ಲ. ನಮ್ಮ ಭಾರತೀಯ ಸೇನೆಯಲ್ಲೂ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿಗಳು ಧರ್ಮಗುರುಗಳಾಗಿ ಸೇವೆ ಸಲ್ಲಿಸುತ್ತಾರೆ. ಕೊಲ್ಲುವುದನ್ನೇ ಕಲಿಸುವ ಸಂಸ್ಥೆಯೊಂದರಲ್ಲಿ ಕೊಲ್ಲಬೇಡ ಎಂಬ ಧರ್ಮಾಜ್ಞೆಯ ಪ್ರತಿನಿಧಿಗೆ ಏನು ಕೆಲಸ ಎಂಬ ಪ್ರಶ್ನೆ ಹಳೆಯದು. ದೇವರ ಹೆಸರಿನಲ್ಲಿ ಯುದ್ಧಕ್ಕೆ ಒಪ್ಪಿಗೆಯ ಮುದ್ರೆ ಒತ್ತುವವರು ಇವರು ಎಂಬ ಟೀಕೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಈ ಪ್ರಶ್ನೆಗೆ ಕಪಾನ್ ಗ್ರಂಥ ಬರೆದು ಉತ್ತರ ಕೊಟ್ಟವರಲ್ಲ. ಬದುಕಿದ ರೀತಿಯಲ್ಲೇ ಅವರ ಉತ್ತರವಿದೆ.

ಅವರ ಮೊದಲ ವಿದೇಶ ಸೇವೆ ನಮ್ಮ ನೆರೆಹೊರೆಯಲ್ಲೇ. 1945ರಿಂದ 46ರವರೆಗೆ ಭಾರತ ಮತ್ತು ಬರ್ಮಾ ರಣರಂಗದಲ್ಲಿದ್ದ ಅಮೆರಿಕದ ಪಡೆಗಳ ನಡುವೆ ಅವರು ಜೀಪಿನಲ್ಲಿ, ವಿಮಾನದಲ್ಲಿ ಸಾವಿರಾರು ಮೈಲಿ ಅಲೆದರು. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ, ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನೆಮ್ಮದಿಯ ಬದುಕು ಕಾದಿತ್ತು. ಆದರೆ 1948ರಲ್ಲಿ ಮತ್ತೆ ಸೇನೆಗೆ ಹೋದರು. ಜಪಾನಿನಲ್ಲಿದ್ದ ಅವರ ತುಕಡಿ 1950ರ ಜುಲೈನಲ್ಲಿ ಕೊರಿಯಾದ ನೆಲದಲ್ಲಿ ಇಳಿಯಿತು.

ಎಂಟನೆಯ ಕ್ಯಾವಲ್ರಿ ರೆಜಿಮೆಂಟಿನ ಸೈನಿಕರಿಗೆ ಅವರು ಜೀಪಿನ ಮೂತಿಯ ಮೇಲೆ ಬಟ್ಟೆ ಹಾಸಿ ಬಲಿಪೂಜೆ ಅರ್ಪಿಸುವ ಪಾದ್ರಿಯಾಗಿ ಪರಿಚಿತರಾದರು. ಆ ಜೀಪು ಕೈತಪ್ಪಿದ ಮೇಲೆ ಸೈಕಲ್ ಏರಿ ಮುಂಚೂಣಿಗೆ ಹೋಗುತ್ತಿದ್ದರು. ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಎಳೆದು ತಂದದ್ದಕ್ಕಾಗಿ ಆ ಆಗಸ್ಟ್ ತಿಂಗಳ ಸೇವೆಗೆ ಕಂಚಿನ ನಕ್ಷತ್ರ ಪದಕ ಸಂದಿತು.

ಅವರ ಬದುಕಿನ ನಿರ್ಣಾಯಕ ರಾತ್ರಿ ಬಂದದ್ದು 1950ರ ನವೆಂಬರ್ 1ರಂದು, ಉನ್‌ಸಾನ್ ಪಟ್ಟಣದ ಬಳಿ. ಯುದ್ಧ ಇನ್ನೇನು ಮುಗಿಯಿತು, ಕ್ರಿಸ್‌ಮಸ್ ವೇಳೆಗೆ ಮನೆ ಸೇರಬಹುದು ಎಂಬ ಆಸೆಯಲ್ಲಿದ್ದ ಅಮೆರಿಕದ ಸೈನಿಕರ ಮೇಲೆ ಚೀನಾದ ಪಡೆಗಳು ಕತ್ತಲಲ್ಲಿ ಎರಗಿದವು. ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಹೆಚ್ಚಿದ್ದ ಆ ಸೇನೆ ಕಪಾನ್ ಇದ್ದ ಬೆಟಾಲಿಯನ್ನನ್ನು ಸುತ್ತುವರಿಯಿತು. ತಪ್ಪಿಸಿಕೊಳ್ಳಬಲ್ಲವರೆಲ್ಲ ತಪ್ಪಿಸಿಕೊಳ್ಳಿ ಎಂಬ ಆಜ್ಞೆ ಹೊರಟಿತು. ನಡೆಯಲಾರದ ಗಾಯಾಳುಗಳನ್ನು ಬಿಟ್ಟು ಹೋಗಲು ಕಪಾನ್ ಒಪ್ಪಲಿಲ್ಲ, ಉಳಿದುಕೊಂಡರು. ಗಾಯಾಳುಗಳ ನಡುವೆ ಒಬ್ಬ ಚೀನೀ ಅಧಿಕಾರಿಯೂ ಇದ್ದುದನ್ನು ಕಂಡು, ಆತನ ಮನವೊಲಿಸಿ, ಆತನ ಮೂಲಕವೇ ಸುರಕ್ಷಿತ ಶರಣಾಗತಿಗೆ ಮಾತುಕತೆ ನಡೆಸುವಂತೆ ಮಾಡಿದರು. ಶತ್ರುವಿನ ಗಾಯವನ್ನೂ ಗಾಯವೆಂದೇ ಕಂಡಿದ್ದರಿಂದ ಆ ದಾರಿ ತೆರೆಯಿತು.

ಸೆರೆಯಾಳಾಗಿ ಹೊರಡುವಾಗ ರಸ್ತೆಯ ಪಕ್ಕದ ಹಳ್ಳದಲ್ಲಿ ಹರ್ಬರ್ಟ್ ಮಿಲ್ಲರ್ ಎಂಬ ಸಾರ್ಜೆಂಟ್ ಬಿದ್ದಿದ್ದ. ಗ್ರೆನೇಡಿನಿಂದ ಅವನ ಕಣಕಾಲು ಮುರಿದಿತ್ತು. ಒಬ್ಬ ಸೈನಿಕ ಅವನ ತಲೆಗೆ ಬಂದೂಕು ಗುರಿಯಿಟ್ಟು ನಿಂತಿದ್ದ. ಕಪಾನ್ ನೇರವಾಗಿ ನಡೆದುಹೋಗಿ, ಆ ಬಂದೂಕುಧಾರಿಯನ್ನು ಪಕ್ಕಕ್ಕೆ ಸರಿಸಿ, ಮಿಲ್ಲರನನ್ನು ಎತ್ತಿಕೊಂಡು ಹೊರಟರು. ಅಚ್ಚರಿಯಿಂದಲೋ ಏನೋ ಆ ಸೈನಿಕ ಗುಂಡು ಹಾರಿಸಲಿಲ್ಲ. ದಾರಿಯುದ್ದಕ್ಕೂ ಅವನನ್ನು ಹೊತ್ತೋ ಹೆಗಲು ಕೊಟ್ಟೋ ನಡೆಸಿದ ಪಾದ್ರಿಯನ್ನು ಕಂಡು, ಉಳಿದ ಕೈದಿಗಳೂ ತಮ್ಮ ಗಾಯಾಳುಗಳಿಗೆ ಹೆಗಲು ಕೊಟ್ಟರು. ಹಿಂದುಳಿದವರ ಗತಿ ಏನೆಂಬುದು ಎಲ್ಲರಿಗೂ ತಿಳಿದಿತ್ತು.

ಯಾಲು ನದಿಯ ದಡದ ಪ್ಯೋಕ್‌ಟಾಂಗ್‌ನ ಐದನೆಯ ಶಿಬಿರ ಅವರ ಕೊನೆಯ ತಾಣ. ಆ ಚಳಿಗಾಲದಲ್ಲಿ ಹಸಿವು, ಭೇದಿ, ನ್ಯುಮೋನಿಯಾಗಳಿಂದ ಅಲ್ಲಿ ಕೈದಿಗಳು ನೂರಾರು ಸಂಖ್ಯೆಯಲ್ಲಿ ಸತ್ತರು. 1949ರ ಜಿನೀವಾ ಒಪ್ಪಂದದ ಪ್ರಕಾರ ವೈದ್ಯರನ್ನು, ಪಾದ್ರಿಗಳನ್ನು ಯುದ್ಧಕೈದಿಗಳೆಂದು ಪರಿಗಣಿಸುವಂತಿಲ್ಲ. ಕೈದಿಗಳ ಸೇವೆಗಾಗಿ ಮಾತ್ರ ಉಳಿಸಿಕೊಳ್ಳಬಹುದು. ಆ ಕಾಗದದ ರಕ್ಷಣೆ ಕಪಾನ್‌ಗೆ ದೊರೆಯಲಿಲ್ಲ. ಆದರೆ ಒಪ್ಪಂದ ಯಾವ ಸೇವೆಯನ್ನು ಕುರಿತು ಹೇಳಿತ್ತೋ ಅದನ್ನು ಅವರು ಯಾರ ಅಪ್ಪಣೆಗೂ ಕಾಯದೆ ಮಾಡಿದರು.

ಏನು ಮಾಡಿದರು? ಇಲ್ಲಿ ದೊಡ್ಡ ಸಾಹಸಗಳ ಪಟ್ಟಿಯಿಲ್ಲ. ಮುರಿದ ಮನೆಗಳ ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆ ಮಾಡಿ, ಅದರಲ್ಲಿ ಹಿಮ ಕರಗಿಸಿ ನೀರು ಕುದಿಸಿದರು. ಕುದಿಸಿದ ನೀರು ಭೇದಿಯಿಂದ ಕೆಲವರನ್ನಾದರೂ ಉಳಿಸಿತು. ರೋಗಿಗಳ ಮಲಿನ ಬಟ್ಟೆಗಳನ್ನು ಒಗೆದರು, ಹೇನು ಹೆಕ್ಕಿದರು, ಗಾಯ ತೊಳೆದರು. ಕೈಗಡಿಯಾರ ಕೊಟ್ಟು ಕಂಬಳಿಯೊಂದನ್ನು ಪಡೆದು, ಅದನ್ನು ಕತ್ತರಿಸಿ ಇತರರ ಕಾಲಿಗೆ ಚೀಲ ಮಾಡಿಕೊಟ್ಟರು. ರಾತ್ರಿ ಕಾವಲುಗಾರರ ಕಣ್ತಪ್ಪಿಸಿ ದವಸಧಾನ್ಯ ಕದ್ದು ತಂದರು. ಕಳ್ಳತನಕ್ಕೆ ಹೊರಡುವ ಮುನ್ನ, ಏಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಒಳ್ಳೆಯ ಕಳ್ಳ ದಿಸ್ಮಾಸನನ್ನು ಪ್ರಾರ್ಥಿಸುತ್ತಿದ್ದರೆಂದು ಬದುಕುಳಿದವರು ನಗುತ್ತಲೇ ನೆನೆದಿದ್ದಾರೆ. ತಂದದ್ದನ್ನು ಹಂಚುತ್ತಿದ್ದರು. ಅನ್ನಕ್ಕಾಗಿ ಕಚ್ಚಾಡುತ್ತಿದ್ದ ಗಂಡಸರು ಇದನ್ನು ನೋಡಿ ನಾಚಿ, ತಾವೂ ಹಂಚಿ ತಿನ್ನಲು ಕಲಿತರು. ಪ್ರಾರ್ಥನೆ ನಿಷಿದ್ಧವಾಗಿದ್ದರೂ ಕತ್ತಲಲ್ಲಿ ಗುಡಿಸಲಿನಿಂದ ಗುಡಿಸಲಿಗೆ ನುಸುಳಿ ಪ್ರಾರ್ಥಿಸಿದರು. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು, ದೇವರನ್ನೇ ನಂಬದವರು, ಎಲ್ಲರ ಪಕ್ಕದಲ್ಲೂ ಕುಳಿತರು. ಕೊರೆಯುವ ಚಳಿಯಲ್ಲಿ ಬಟ್ಟೆ ಕಳಚಿಸಿ ನಿಲ್ಲಿಸಿದ ಶಿಕ್ಷೆಯೂ ಅವರನ್ನು ತಡೆಯಲಿಲ್ಲ.

1951ರ ಮಾರ್ಚ್ 25ರ ಈಸ್ಟರ್ ಭಾನುವಾರದಂದು, ಕಾವಲುಗಾರರ ಕಣ್ಣೆದುರೇ, ಪಾಳುಬಿದ್ದ ಇಗರ್ಜಿಯ ಮೆಟ್ಟಿಲುಗಳ ಬಳಿ ಅವರು ಕೈದಿಗಳನ್ನು ಸೇರಿಸಿ ಪ್ರಾರ್ಥನೆ ನಡೆಸಿದರು. ಬಲಿಪೂಜೆಗೆ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ. ಅಸ್ಥಿಪಂಜರದಂತಿದ್ದ ಆ ಜನ ಹಾಡಿದ ಹಾಡು ಶಿಬಿರದ ತುಂಬ ಕೇಳಿಸಿತು. ಅಷ್ಟರಲ್ಲಿ ಕಪಾನರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಳಿಕ ಭೇದಿ, ನ್ಯುಮೋನಿಯಾಗಳೂ ಅಂಟಿದವು. ಸಹಕೈದಿಗಳಾಗಿದ್ದ ವೈದ್ಯರ ಆರೈಕೆಯಿಂದ ಚೇತರಿಸಿಕೊಳ್ಳುವ ಲಕ್ಷಣ ಕಂಡಿತ್ತು. ಆಗಲೇ ಕಾವಲುಗಾರರು ಅವರನ್ನು ಆಸ್ಪತ್ರೆಯೆಂದು ಕರೆಯಲಾಗುತ್ತಿದ್ದ, ಕೈದಿಗಳು ಸಾವಿನ ಮನೆಯೆಂದೇ ಅರಿತಿದ್ದ ಜಾಗಕ್ಕೆ ಒಯ್ಯಲು ಬಂದರು. ಗೆಳೆಯರು ಪ್ರತಿಭಟಿಸಿದರು, ಅತ್ತರು. ಕಪಾನ್ ಅವರನ್ನೇ ಸಮಾಧಾನಪಡಿಸಿ, ತನ್ನನ್ನು ಒಯ್ಯುತ್ತಿದ್ದವರನ್ನೂ ಆಶೀರ್ವದಿಸಿ ಹೋದರು. ಕೆಲವೇ ದಿನಗಳಲ್ಲಿ ಅಲ್ಲಿ ಒಂಟಿಯಾಗಿ ಸತ್ತರು.

ಅಲ್ಲಿಂದ ಶುರುವಾದದ್ದು ಶೋಕದ ದೀರ್ಘ ಚರಿತ್ರೆ. ಪಿಲ್ಸನ್‌ನ ತಾಯಿತಂದೆಯರಿಗೆ ಮಗ ಕಣ್ಮರೆಯಾಗಿದ್ದಾನೆ ಎಂಬ ಸುದ್ದಿಯಷ್ಟೇ ತಲುಪಿತ್ತು. ಕಣ್ಮರೆ ಎಂಬ ಪದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ. ಅದು ಅಳಲೂ ಬಿಡುವುದಿಲ್ಲ, ನಂಬಲೂ ಬಿಡುವುದಿಲ್ಲ. ಸಾವು ಖಚಿತವಾದದ್ದು 1953ರಲ್ಲಿ. ಆ ಯುದ್ಧದ ಕೈದಿಗಳ ವಿಷಯ ಕನ್ನಡಿಗರಿಗೆ ಅಪರಿಚಿತವಲ್ಲ. ಕೈದಿಗಳ ಹಸ್ತಾಂತರದ ಪ್ರಶ್ನೆಯೇ ಕದನವಿರಾಮವನ್ನು ವರ್ಷಕ್ಕೂ ಹೆಚ್ಚು ಕಾಲ ತಡೆದಿತ್ತು. ಸ್ವದೇಶಕ್ಕೆ ಮರಳಲೊಲ್ಲದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮರಳಲು ಬಯಸಿದ ಕೈದಿಗಳು ಅದಕ್ಕೂ ಮೊದಲೇ ನೇರವಾಗಿ ವಿನಿಮಯಗೊಂಡರು. ಕಪಾನರ ಸಂಗಾತಿಗಳು ಹೊರಬಂದದ್ದು ಹಾಗೆ.

ಅವರು ಬರಿಗೈಯಲ್ಲಿ ಬರಲಿಲ್ಲ. ಸುಮಾರು ನಾಲ್ಕು ಅಡಿ ಎತ್ತರದ ಮರದ ಶಿಲುಬೆಯೊಂದನ್ನು ಹೊತ್ತು ತಂದರು. ಅದನ್ನು ಸೌದೆಯ ತುಂಡುಗಳಿಂದ ಶಿಬಿರದಲ್ಲೇ ಕೆತ್ತಿದವರು ಜೆರಾಲ್ಡ್ ಫಿಂಕ್ ಎಂಬ ಯಹೂದಿ ವಿಮಾನ ಚಾಲಕ. ಕಪಾನ್ ಸತ್ತ ಮೇಲೆ ಸೆರೆಯಾಗಿ ಬಂದ ಫಿಂಕ್ ಅವರನ್ನು ಕಂಡವರೇ ಅಲ್ಲ. ಉಳಿದವರ ಬಾಯಲ್ಲಿ ಕೇಳಿದ ಕಥೆಗಳಷ್ಟೇ ಸಾಕಾಗಿ, ತನ್ನದಲ್ಲದ ಧರ್ಮದ ಕುರುಹನ್ನು ತನ್ನ ಕೈಯಾರೆ ಕೆತ್ತಿದರು. ಆ ಶಿಲುಬೆ ಇಂದು ವಿಚಿಟಾದಲ್ಲಿ ಕಪಾನರ ಹೆಸರು ಹೊತ್ತ ಶಾಲೆಯಲ್ಲಿದೆ. ಅವರ ಸಮಾಧಿ ಸಿಗುವ ಎಷ್ಟೋ ವರ್ಷ ಮೊದಲೇ ಎದ್ದ ಸ್ಮಾರಕವದು.

ಬದುಕಿ ಬಂದವರು ಮುಂದಿನ ಅರುವತ್ತು ವರ್ಷ ಸುಮ್ಮನಿರಲಿಲ್ಲ. ಪತ್ರಿಕೆಗಳಲ್ಲಿ ಬರೆದರು, ಸೇನೆಗೆ, ಸಂಸದರಿಗೆ ಅರ್ಜಿ ಹಾಕಿದರು, ಚರ್ಚಿನ ವಿಚಾರಣೆಯ ಮುಂದೆ ಸಾಕ್ಷಿ ನುಡಿದರು. ಅವರಲ್ಲಿ ಅನೇಕರು ಕ್ಯಾಥೊಲಿಕರೇ ಅಲ್ಲ. ಪೋಪ್ ಎರಡನೆಯ ಜಾನ್ ಪಾಲ್ ಅವರ ಕಾಲದಲ್ಲಿ, 1993ರಲ್ಲಿ, ಸಂತ ಪದವಿಯ ಹಾದಿಯ ಮೊದಲ ಮೆಟ್ಟಿಲಾಗಿ ಕಪಾನರನ್ನು ದೇವರ ಸೇವಕ ಎಂದು ಘೋಷಿಸಲಾಯಿತು. 2013ರ ಏಪ್ರಿಲ್ 11ರಂದು ಅಧ್ಯಕ್ಷ ಬರಾಕ್ ಒಬಾಮ ಅಮೆರಿಕದ ಅತ್ಯುನ್ನತ ಶೌರ್ಯಪದಕವಾದ ಮೆಡಲ್ ಆಫ್ ಆನರ್ ಅನ್ನು ಕಪಾನರ ತಮ್ಮನ ಮಗನ ಕೈಗಿತ್ತರು. ಆ ಸಭೆಯಲ್ಲಿ ಹರ್ಬರ್ಟ್ ಮಿಲ್ಲರ್ ಕುಳಿತಿದ್ದರು. ಅಂದು ಹಳ್ಳದಲ್ಲಿ ಬಿದ್ದಿದ್ದ ಆ ಯೋಧ ಈಗ ವೃದ್ಧರಾಗಿದ್ದರು.

ದೇಹ ಮಾತ್ರ ಸಿಕ್ಕಿರಲಿಲ್ಲ. ಯಾಲು ದಡದ ಸಾಮೂಹಿಕ ಗುಂಡಿಯಲ್ಲೆಲ್ಲೋ ಕರಗಿಹೋಗಿದೆಯೆಂದೇ ಎಲ್ಲರೂ ನಂಬಿದ್ದರು. ಸತ್ಯ ಬೇರೆಯೇ ಇತ್ತು. ಕದನವಿರಾಮದ ನಂತರ ಉತ್ತರ ಕೊರಿಯಾ ಹಿಂತಿರುಗಿಸಿದ ಅವಶೇಷಗಳಲ್ಲಿ ಕಪಾನರದೂ ಇತ್ತು. ಗುರುತು ಹತ್ತದ ಕಾರಣ ಹವಾಯಿ ದ್ವೀಪದ ಹೊನೊಲುಲುವಿನ ಸೈನಿಕ ಸ್ಮಶಾನದಲ್ಲಿ, 800ಕ್ಕೂ ಹೆಚ್ಚು ಅಜ್ಞಾತ ಯೋಧರ ನಡುವೆ, ಹೆಸರಿಲ್ಲದ ಸಮಾಧಿಯಲ್ಲಿ ಅವರನ್ನು ಹೂಳಲಾಗಿತ್ತು. ಆ ಸಮಾಧಿಗಳನ್ನು ಹಂತಹಂತವಾಗಿ ತೆರೆದು ಪರೀಕ್ಷಿಸುವ ಕಾರ್ಯ ಕೆಲವು ವರ್ಷಗಳ ಹಿಂದೆ ಆರಂಭವಾಯಿತು. ಹಲ್ಲಿನ ದಾಖಲೆ, ಎಲುಬುಗಳ ಅಧ್ಯಯನ, ಡಿಎನ್‌ಎ ಪರೀಕ್ಷೆಗಳಿಂದ 2021ರ ಮಾರ್ಚ್‌ನಲ್ಲಿ ಗುರುತು ಖಚಿತವಾಯಿತು. ಅದೇ ಸೆಪ್ಟೆಂಬರಿನಲ್ಲಿ ಅವರು ಪಿಲ್ಸನ್‌ಗೆ ಬಂದು, ಅಲ್ಲಿಂದ ವಿಚಿಟಾದ ಪ್ರಧಾನಾಲಯ ಸೇರಿದರು. 2025ರ ಫೆಬ್ರುವರಿಯಲ್ಲಿ, ತಾವೇ ಆಸ್ಪತ್ರೆಯಲ್ಲಿದ್ದ ಪೋಪ್ ಫ್ರಾನ್ಸಿಸ್, ಇತರರಿಗಾಗಿ ಪ್ರಾಣ ಅರ್ಪಿಸಿದವರೆಂಬ ನೆಲೆಯಲ್ಲಿ ಕಪಾನರನ್ನು ಪೂಜ್ಯರ ಸಾಲಿಗೆ ಸೇರಿಸುವ ಆದೇಶಕ್ಕೆ ಒಪ್ಪಿಗೆಯಿತ್ತರು.

ಪದಕ, ಪದವಿಗಳು ರಾಷ್ಟ್ರಕ್ಕೂ ಚರ್ಚಿಗೂ ಬೇಕಾದವು. ಅವುಗಳ ಹೊಳಪಿನಲ್ಲಿ ಒಂದು ಸಂಗತಿ ಮರೆಯಾಗಬಾರದು. ಆ ಯುದ್ಧದಲ್ಲಿ ಲಕ್ಷಾಂತರ ಕೊರಿಯನ್ನರು ಸತ್ತರು. ಅಮೆರಿಕದ 7,000ಕ್ಕೂ ಹೆಚ್ಚು ಯೋಧರ ಪತ್ತೆ ಇಂದಿಗೂ ಆಗಿಲ್ಲ. ಚೀನಾದ ಎಷ್ಟೋ ತಾಯಂದಿರು ಮಗನ ಸಮಾಧಿ ಕಾಣದೆ ಸತ್ತರು. ಎಲ್ಲರಿಗೂ ಎಪ್ಪತ್ತು ವರ್ಷ ನೆನಪಿಟ್ಟುಕೊಳ್ಳುವ ಸಂಗಾತಿಗಳು ಇರುವುದಿಲ್ಲ. ಒಬ್ಬ ಕಪಾನರಿಗೆ ದೊರೆತ ಸಂಸ್ಕಾರ ಇವರೆಲ್ಲರ ಪರವಾಗಿ ದೊರೆತದ್ದೆಂದು ಭಾವಿಸಿದರೆ ಅದಕ್ಕೆ ಅರ್ಥ ಬಂದೀತು.

ಸತ್ತವರ ಋಣ ತೀರುವುದು ಪಿಂಡ, ತರ್ಪಣಗಳಿಂದ ಎಂದು ನಮ್ಮ ಹಿರಿಯರು ನಂಬಿದ್ದರು. ಪ್ಯೋಕ್‌ಟಾಂಗ್‌ನಿಂದ ಬದುಕಿ ಬಂದವರಿಗೆ ಸಂಸ್ಕಾರ ಮಾಡಲು ದೇಹವಿರಲಿಲ್ಲ, ಹೂವಿಡಲು ಸಮಾಧಿಯಿರಲಿಲ್ಲ. ಅವರು ಕಂಡದ್ದನ್ನು ಕಂಡಂತೆ ಹೇಳುತ್ತಾ ಹೋದರು. ತೊಳೆದ ಬಟ್ಟೆ, ಕುದಿಸಿದ ನೀರು, ಕದ್ದು ಹಂಚಿದ ಕಾಳು, ಇಷ್ಟೇ ಅವರು ಹೇಳಿದ್ದು. ಯುದ್ಧಭೂಮಿಯಲ್ಲಿ ಧರ್ಮಗುರುವಿಗೆ ಏನು ಕೆಲಸ ಎಂಬ ಪ್ರಶ್ನೆಗೂ ಬಹುಶಃ ಇಷ್ಟೇ ಉತ್ತರ. 2021ರಲ್ಲಿ ವಿಚಿಟಾದಲ್ಲಿ ಮಣ್ಣಾದದ್ದು ದೇಹ. ಎಮಿಲ್ ಕಪಾನರ ಶ್ರಾದ್ಧ 1953ರಿಂದಲೇ ನಡೆಯುತ್ತಾ ಬಂದಿತ್ತು.